ಕಾಗೆಬಂಗಾರ

ಸಂತೆಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ನಸೀಮಾ
ಮೊದಲು ಫ್ಯಾನ್ ಆರಿಸಿದಳು.
"ಉಸಿರು ಹಿಡಿ ಮಾರಕ್ಕಾ,
ಸೀನಿದರೆ ಮುನ್ನೂರು ರೂಪಾಯಿ ಗಾಳಿಗೆ."

ಮುಚ್ಚಳ ತಿರುವಿದರೆ ಪುಡಿ,
ತುಸು ಅಲುಗಿದರೂ ಎದ್ದು ಕೂರುತ್ತದೆ.
ಮುತ್ತಿನ ಬಿಳಿ ಮುಂಗೈಗೆ ಸವರಿದೆ:
ಒಲೆಯ ಬೂದಿ ಬಳಿದು ಬಂದ ಕೈ.
ಗುಲಾಬಿ: ಯಾರದೋ ಕೆನ್ನೆ ಕಡ ತಂದಂತೆ.
ಮೂರನೆಯದು ತಾಮ್ರ.
ಟ್ಯೂಬ್‌ಲೈಟಿಗೆ ಅದು ಬಾಯಿ ಬಿಡಲಿಲ್ಲ.
ಹೊಸ್ತಿಲಾಚೆ ಬಿಸಿಲಿಗೆ ಕೈ ಚಾಚಿದೆ,
ಜೋಗಿಮಟ್ಟಿ ದಾರಿಯ ಬಂಡೆ
ನಾಲ್ಕು ಗಂಟೆಗೆ ಮಿನುಗುವ ಹಾಗೆ
ಕಪ್ಪು ಕಪ್ಪಾಗಿಯೇ ಇದ್ದು.

ಚಿಕ್ಕವಳಿದ್ದಾಗ ಕಲ್ಲಿನಿಂದ ಉಗುರಲ್ಲಿ ಎಬ್ಬಿಸಿ
ಕಾಗೆಬಂಗಾರದ ಚಕ್ಕೆ ಎಂಜಲು ಹಚ್ಚಿ
ಮೂಗುಬೊಟ್ಟು ಮಾಡಿಕೊಂಡಿದ್ದೆ.
ಅವ್ವ ಸೆರಗಿನಲ್ಲಿ ತಿಕ್ಕಿ ತಿಕ್ಕಿ ಒರೆಸಿದ್ದಳು:
"ಕರೇ ಮೋರೆಗೆ ಯಾಕವ್ವ ದೀಪ?"
"ಇದೂ ಅದೇ ಕಲ್ಲು, ಬೀಸಿ ಸೋಸಿದ್ದು," ಅಂದಳು ನಸೀಮಾ
ಚಿಲ್ಲರೆ ಎಣಿಸುತ್ತ.

ಬೆಳಗಿನ ಐದು. ಡಿಪೋದ ಒಡಕು ಕನ್ನಡಿ.
ಬ್ರಷ್ ಅದ್ದಿ ಡಬ್ಬಿಯ ಅಂಚಿಗೆ ತಟ್ಟಬೇಕು,
ಇನ್ನೊಮ್ಮೆ ತಟ್ಟಬೇಕು,
ಉಳಿದದ್ದೇ ಸಾಕು.
ನಗು ಬಾರದಿದ್ದರೂ ನಗಬೇಕು, ಕೆನ್ನೆಯ ಎಲುಬು ಏಳಲಿಕ್ಕೆ.
ಅಲ್ಲಿಂದ ಕಿವಿಯ ಕಡೆಗೆ, ಬೆರಳಗಲ.
ಮೂಗಿಗೆ ಬೇಡ,
ಹನ್ನೆರಡರ ಹೊತ್ತಿಗೆ ಬೆವರೇ ಹಚ್ಚುತ್ತದೆ.

ಹಿರಿಯೂರಿನವರೆಗೂ ಯಾರೂ ಏನೂ ಅನ್ನಲಿಲ್ಲ.
ಡ್ರೈವರ್ ಪಾಲಯ್ಯ ಮಾತ್ರ ಕನ್ನಡಿಯಲ್ಲಿ ಎರಡು ಸಲ ನೋಡಿ
"ಜ್ವರ ಏನಕ್ಕಾ?" ಅಂದ.

ವಾಪಸು ಬರುವಾಗ ಕಂಡದ್ದು:
ಟಿಕೆಟ್ ಮಿಷನ್ನಿನ ಗುಂಡಿಗಳ ಸಂದಿಯಲ್ಲಿ,
ಹತ್ತರ ನೋಟಿನ ಮಡಿಕೆಯಲ್ಲಿ ತಾಮ್ರದ ಕಣ.
ಐಮಂಗಲದಲ್ಲಿ ಇಳಿದ ಮುದುಕ
ತನ್ನ ಹೆಬ್ಬೆರಳು ಬಿಸಿಲಿಗೆ ಹಿಡಿದು,
ನಾನು ರೈಟ್ ಅಂದರೂ
ಅಲ್ಲೇ ನಿಂತಿದ್ದ.