ಆಡು ಸೋಕದ ಸೊಪ್ಪು

ಮಾರ್ಕೆಟ್ಟಿನ ಫ್ಲೈಓವರ್ ಕಂಬದ ಬುಡದಲ್ಲಿ ಕೂತು
ಚಿಕ್ಕತಾಯಮ್ಮ ಕೊಟ್ಟಿದ್ದು ಎರಡು ಕಟ್ಟು,
ಬಾಳೆನಾರಿನಲ್ಲಿ ಬಿಗಿದು.
ಇಪ್ಪತ್ತು ರೂಪಾಯಿಗೆ ರಸೀದಿ ಕೇಳಿದೆ. ನಕ್ಕಳು.
ಪ್ರಾಜೆಕ್ಟಿನ ಲೆಕ್ಕಕ್ಕೆ ಬೇಕೆಂದೆ.
ಇನ್ನೂ ಜೋರಾಗಿ ನಕ್ಕು, ಸಂಚಿ ಬಿಚ್ಚಿ,
ಹಳೇ ಬಸ್ ಟಿಕೆಟ್ಟಿನ ಹಿಂಬದಿಗೆ ಒತ್ತಿದಳು
ಒಂದು ಸುಣ್ಣದ ಹೆಬ್ಬೆಟ್ಟು.

"ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ.
ಇದೊಂದನ್ನ ಅದೂ ಸೋಕಲ್ಲ ಕಣಮ್ಮ,
ಅದಕ್ಕೇ ಆಡುಸೋಗೆ."
ನೋಟ್‌ಬುಕ್ಕಿನಲ್ಲಿ ಈ ಮಾತಿಗೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದುಕೊಂಡೆ, ಪೆನ್ಸಿಲ್ಲಿನಲ್ಲಿ.

ಯಶವಂತಪುರದ ಲ್ಯಾಬಿನ ಎರಡನೇ ಮಹಡಿ.
ಕಾರಿಡಾರಿನ ನೆರಳಲ್ಲಿ ಹನ್ನೊಂದು ದಿನ ಒಣಗಿತು
ಹಳೇ ಪೇಪರಿನ ವಧು-ವರರ ಮೇಲೆ,
ಮೆಟ್ರೋ ಕಾಮಗಾರಿಯ ಮೇಲೆ.
ಆಮೇಲೆ ಮಿಕ್ಸಿ, ಜರಡಿ, ತಕ್ಕಡಿ.
ಹಸಿರು ಹೋಗಿ ಖಾಕಿ.
ಒಂದು ಪಾಲು ನೀರಿಗೆ, ಒಂದು ಮೆಥನಾಲಿಗೆ, ಒಂದು ಹೆಕ್ಸೇನಿಗೆ;
ಮೂರೂರಿಗೆ ಕೊಟ್ಟ ಅಕ್ಕತಂಗಿಯರ ಹಾಗೆ
ಒಂದೊಂದೂ ಒಂದೊಂದು ಬಣ್ಣಕ್ಕೆ ತಿರುಗಿದವು.

ಅಗರಿನ ತಟ್ಟೆಯ ಮೇಲೆ ಕ್ರಿಮಿ ಬಿತ್ತಿ
(ಬಿತ್ತುವುದೆಂದೇ ನಾವು ಹೇಳುವುದು, ರಾಗಿಯ ಹಾಗೆ)
ಆರು ಮಿಲಿಮೀಟರಿನ ಬಿಲ್ಲೆಗಳನ್ನಿಟ್ಟು
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಗೆ ಸೇರಿಸಿದೆ.
ರಾತ್ರಿ ಕರೆಂಟು ಹೋಯಿತು.
ವಾಚ್‌ಮನ್ ಜವರಪ್ಪ ಜನರೇಟರ್ ಹಾಕಿ ಫೋನು ಮಾಡಿದ:
"ಬೆಚ್ಚಗವೆ ಮೇಡಂ, ಮಲ್ಗಿ."

ಬೆಳಿಗ್ಗೆ ಟ್ಯೂಬ್‌ಲೈಟಿಗೆ ಹಿಡಿದೆ.
ಆ್ಯಂಟಿಬಯಾಟಿಕ್ಕಿನ ಸುತ್ತ ಇಪ್ಪತ್ನಾಲ್ಕರ ತಿಳಿ,
ಚಂದಿರನ ಸುತ್ತ ಬಳೆ ಕಟ್ಟಿದ ಹಾಗೆ.
ಮೆಥನಾಲಿಗೆ ಹತ್ತು.
ಹೆಕ್ಸೇನಿಗೆ ಆರು, ಅಂದರೆ ಬರೀ ಬಿಲ್ಲೆ.
ನೀರಿಗೂ ಆರು.
ಬಿಲ್ಲೆಯ ಅಂಚಿನವರೆಗೂ ಪೈರು ಹುಲುಸಾಗಿತ್ತು.

ಸೋಮವಾರ ಮತ್ತೆ ಕಂಬದ ಹತ್ತಿರ.
"ಏನಂತು ನಮ್ ಸೊಪ್ಪು? ಪಾಸಾ, ಫೇಲಾ?"
ನೀರಿನಲ್ಲಿ ಫೇಲು, ಅಂದೆ.
"ಒಣಗಿಸಿ ನೀರಲ್ ಕದಡಿದ್ರೆ ನಾನೂ ಫೇಲೇ.
ಹಸೀ ಎಲೆ ಕೆಂಡದ್ಮೇಲೆ ಬಾಡಿಸ್ಬೇಕು,
ಹಿಂಡ್ಬೇಕು, ಜೇನು ಬೆರೆಸ್ಬೇಕು."

ಲ್ಯಾಬಿನಲ್ಲಿ ಕೆಂಡವೆಲ್ಲಿ? ಹಾಟ್‌ಪ್ಲೇಟಿನ ಮೇಲೆ ಬಾಡಿಸಿದೆ.
ಕಹಿ ಹಬೆ ಮಹಡಿಯೆಲ್ಲ ತುಂಬಿ
ಪಕ್ಕದ ಕೋಣೆಯ ಶಮೀಮ್ ಬಾನು
ಮೂಗು ಮುಚ್ಚಿಕೊಂಡು ಬೈಯಲು ಬಂದವಳು
ಕೈ ತೆಗೆದು, ಸುಮ್ಮನೆ ನಿಂತಳು.
ರಸ ಮತ್ತು ಜೇನು: ಹನ್ನೆರಡು.
ಖುಷಿಗೆ ಎರಡು ಸಲ ಅಳೆದೆ.
ಆಮೇಲೆ, ಮಾಡಲೇಬೇಕಾದ್ದರಿಂದ, ಬರೀ ಜೇನು:
ಹನ್ನೆರಡು.

ಅದನ್ನೂ ಹೋಗಿ ಹೇಳಿದೆ. ಹೇಳದೆ ಇರಬಹುದಿತ್ತು.
ಕಟ್ಟುಗಳಿಗೆ ನೀರು ಚಿಮುಕಿಸುತ್ತ ಕೇಳಿದಳು:
"ಸಾಯ್ಸು ಅಂತ ಆ ಸೊಪ್ಪಿಗೆ ಯಾರಮ್ಮ ಹೇಳಿದ್ದು?
ಎದೇಲಿ ಕಟ್ಟಿದ್ದನ್ನ ಸಡಿಲ ಮಾಡ್ತದೆ.
ಅಷ್ಟೇ ಅದರ ಕೆಲಸ.
ಜೇನಿಗೆ ಮಾತ್ರ ಇನ್ಮೇಲೆ ಹತ್ರುಪಾಯಿ ಜಾಸ್ತಿ."

ಮೂರು ತಿಂಗಳು ಒಂದು ಎಲೆಯನ್ನು ಕೂರಿಸಿಕೊಂಡು
ಎಷ್ಟು ಕೊಂದೆ, ಎಷ್ಟು ಕೊಂದೆ ಎಂದೇ ಕೇಳಿದ್ದೆ.

ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ:
ಆರು, ಹತ್ತು, ಆರು, ಹನ್ನೆರಡು, ಹನ್ನೆರಡು.
ರಸೀದಿಯನ್ನು ಅಕೌಂಟ್ಸಿನವರು ವಾಪಸು ಕಳಿಸಿದರು,
ಸಹಿ ಇಲ್ಲವೆಂದು.

ಟಿಕೆಟ್ಟನ್ನು ಟ್ಯೂಬ್‌ಲೈಟಿಗೆ ಹಿಡಿದೆ.
ಅರ್ಧ ಸುಣ್ಣ ಉದುರಿತ್ತು.
ಉಳಿದದ್ದರಲ್ಲಿ ಗೆರೆಗಳು, ಉಂಗುರದೊಳಗೆ ಉಂಗುರ.
ಅಭ್ಯಾಸಬಲ, ಸ್ಕೇಲು ಇಟ್ಟೆ.
ಹತ್ತೊಂಬತ್ತು.