ಹತ್ತು ಸೆಂಟಿಮೀಟರ್ ಇಳಿಯಲು

ಜರಡಿಗಳ ಸರದಿ ಮಧ್ಯಾಹ್ನವೇ ಮುಗಿದಿತ್ತು.
ಒಂದರ ಮೇಲೊಂದು ಎಂಟು ಹಿತ್ತಾಳೆ ಬಳೆ,
ಕುಲುಕುವ ಯಂತ್ರದ ಮೇಲೆ ಕಾಲು ಗಂಟೆ ಗದ್ದಲ.
ಚಿಪ್ಪಿನ ಚೂರು, ರಿಯೋನಿ ನದಿ ಹೊತ್ತು ತಂದ ಮರಳು
ತಂತಮ್ಮ ಅಂತಸ್ತಿನಲ್ಲಿ ನಿಂತವು.
ಎಲ್ಲ ಕಣ್ಣೂ ದಾಟಿ ತಳದ ತಟ್ಟೆಗೆ ಬಿದ್ದದ್ದು
ಈಗ ಗಾಜಿನ ಉದ್ದ ಜಾಡಿಯಲ್ಲಿ,
ಒಂದು ಲೀಟರ್ ಕದಡಿದ ಕಂದು.

ಸಂಜೆ ಆರಕ್ಕೆ ಕಲಕಿದ್ದು.
ಉಳಿದ ನುಣ್ಮರಳು ಕೈ ತೆಗೆಯುವಷ್ಟರಲ್ಲಿ ತಳ ಕಂಡಿತು.
ಹೂಳು, ನಾವು ಊಟಕ್ಕೆ ಕೂತಾಗ.
ಜೇಡಿಗೆ ಯಾರ ಹಂಗೂ ಇಲ್ಲ:
ಹತ್ತು ಸೆಂಟಿಮೀಟರ್ ಇಳಿಯಲು ಎಂಟು ಗಂಟೆ.
ರಾತ್ರಿ ಎರಡಕ್ಕೆ ಆ ಆಳಕ್ಕೆ ಪಿಪೆಟ್ ಇಳಿಸಿ
ಇನ್ನೂ ತೇಲುತ್ತಿರುವುದನ್ನು ಹೀರಬೇಕು,
ಒಣಗಿಸಬೇಕು, ತೂಗಬೇಕು.
ಈ ಕೆಸರಿನ ಮೇಲೆ ಗೋಡೆ ನಿಂತೀತೇ ಎಂದು
ಪೋತಿ ಬಂದರಿನವರು ಕೇಳಿದ್ದಾರೆ.

"ತಿಬಿಲಿಸಿಯಲ್ಲಿ ಲೇಸರ್ ಬಂದಿದೆಯಂತೆ, ಎರಡೇ ನಿಮಿಷ," ಅಂದೆ.
"ಅದು ಎಲ್ಲ ಕಣವನ್ನೂ ಗುಂಡಗೆ ಅಂದುಕೊಳ್ಳುತ್ತದೆ ತೇದೋ,
ಜೇಡಿ ಚಪ್ಪಟೆ," ಅಂದಳು ಲಾಮಾರಾ.
ಆಮೇಲೆ ತಡೆದು,
"ನಮ್ಮ ಕೋಷ್ಟಕವೂ ಹಾಗೇ ಅಂದುಕೊಳ್ಳುತ್ತದೆ, ಬಿಡು."

ಒಂಬತ್ತಕ್ಕೆ ಕರೆಂಟು ಹೋಯಿತು.
ಹೀಟರಿನ ಕೆಂಪು ತಂತಿ ಬೂದಿಯಾಯಿತು,
ಕಪ್ಪು ಸಮುದ್ರದ ಗಾಳಿ ಕಿಟಕಿಯ ಸಂದಿ ಹುಡುಕಿತು.
ಜಾಡಿಗೆ ಶಾಲು ಹೊದಿಸಲು ಎದ್ದೆ.
"ಮುಟ್ಟಬೇಡ!"
ಟಾರ್ಚು ಹಿಡಿದು ಥರ್ಮಾಮೀಟರ್ ಓದಿದಳು.
ಚಳಿಗೆ ನೀರು ಮಂದವಾಗುತ್ತದೆ, ಇಳಿಯುವುದು ತಡವಾಗುತ್ತದೆ.
ಎರಡಕ್ಕಲ್ಲ, ಎರಡೂವರೆಗೆ.

ಆ ಅರ್ಧ ಗಂಟೆಯಲ್ಲಿ
ಉಳಿದ ಮಣ್ಣಿನ ಡಬ್ಬಿ ತೆರೆದು
ಉಗುರ ತುದಿಯಷ್ಟು ನನ್ನ ಮುಂದೆ ಹಿಡಿದಳು.
"ಮುಂಬಲ್ಲಲ್ಲಿ ಕಚ್ಚು.
ಕರಕರ ಅಂದರೆ ಹೂಳು. ಬೆಣ್ಣೆಯಂತಾದರೆ ಜೇಡಿ."
ನೀವೇ ನೋಡುವುದಲ್ಲವೇ ಯಾವಾಗಲೂ ಅಂದೆ.
ತುಟಿ ಎತ್ತಿ ತೋರಿಸಿದಳು,
ಹೊಸ ಹಲ್ಲಿನ ಸಾಲು, ಅತಿ ಬಿಳುಪು.
"ಪ್ಲಾಸ್ಟಿಕ್ಕಿಗೆ ಏನೂ ಕೇಳಿಸುವುದಿಲ್ಲ."

ಉಪ್ಪು. ಕೊಳೆತ ಪಾಚಿ.
ಆಮೇಲೆ ಕಿವಿಯ ಬುಡದಲ್ಲಿ
ಯಾರೋ ದೂರದ ಜಲ್ಲಿಯ ಮೇಲೆ ನಡೆದ ಹಾಗೆ.
"ಎಷ್ಟು?"
"ಜೇಡಿ… ನೂರಕ್ಕೆ ನಲವತ್ತು?"

ದಫ್ತರದ ಕೊನೆಗೆ ಒಂದು ಕಾಲಂ ಇದೆ,
ವರದಿಗೆ ಹೋಗದ್ದು, ಬರೀ ಪೆನ್ಸಿಲಿನದು,
ಮೂವತ್ತೊಂದು ವರ್ಷ ಅವಳ ಹಲ್ಲು ಹೇಳಿದ ಅಂಕಿ.
ಅದರ ಕೆಳಗೆ ನಲವತ್ತು ಬರೆದಳು,
ಪಕ್ಕದಲ್ಲಿ ಚಿಕ್ಕದಾಗಿ ನನ್ನ ಹೆಸರಿನ ಮೊದಲಕ್ಷರ.
ಸರಿ ಅನ್ನಲಿಲ್ಲ, ತಪ್ಪೂ ಅನ್ನಲಿಲ್ಲ.

ಎರಡೂವರೆಗೆ ಇನ್ನೂ ಹನ್ನೊಂದು ನಿಮಿಷವಿತ್ತು.