ಐದನೆಯ ಮನೆ

ಫಾರಮ್ಮಿನಲ್ಲಿ ಹನ್ನೊಂದು ಚೌಕ ಮನೆ.
ಗುಲಾಬಿ ತಿಂಗಳಾಯ ಕನ್ನಡಕ ಮರೆತು ಬಂದಿದ್ದಾಳೆ,
ಪೆನ್ನು ನನ್ನ ಕೈಗೇ ಕೊಟ್ಟು
ಕೌಂಟರಿಗೆ ಮೊಣಕೈ ಊರಿದ್ದಾಳೆ.
ಮಲ್ಪೆ ಧಕ್ಕೆಯಿಂದ ನೇರ ಬಂದವಳು,
ಸೆರಗಿನಂಚಿನಲ್ಲಿ ಮಂಜುಗಡ್ಡೆಯ ನೀರು ಇನ್ನೂ ಆರಿಲ್ಲ.

ಅತ್ತ ರತ್ನಗಿರಿಯಲ್ಲಿ ಅವಳ ಪಾಲಿನ ಬೋಟು
ಗೇರ್‌ಬಾಕ್ಸ್ ಮುರಿದುಕೊಂಡು ನಾಲ್ಕು ದಿನದಿಂದ ಕಟ್ಟಿ ಬಿದ್ದಿದೆ.
ಮುಕಾದಮರ ವರ್ಕ್‌ಶಾಪು. ನಲವತ್ತೆರಡು ಸಾವಿರ.
ದುಡ್ಡು ಮುಟ್ಟಿದ ಮೇಲೆಯೇ ನಟ್ಟು ಬಿಗಿಯುವುದು.

ಫೋನಿನಲ್ಲಿ ತಾಂಡೇಲ ಸೂರಪ್ಪ. ಗಾಳಿ, ಗರಗಸ,
ಯಾರೋ ಮರಾಠಿಯಲ್ಲಿ ಬೈಯುವ ಸದ್ದು, ನಡುನಡುವೆ ಅಕ್ಷರ.
‘ಎಮ್ಮೋ ಎನ್ನೋ, ಸರಿ ಹೇಳು ಮಾರಾಯ.’
‘ಎಮ್ಮು! ಮಾಂಜಿಯ ಎಮ್ಮು!’
‘ಆಮೇಲೆ?’
‘ನಂಗಿನ ಎನ್ನು. ಕಾಣೆಯ ಕೆ. ಬಿ...’
‘ಬಂಗುಡೆಯದೋ ಬೂತಾಯಿಯದೋ?’ ಗುಲಾಬಿ ಬಾಯಿ ಹಾಕಿದಳು.
ಎರಡಕ್ಕೂ ಒಂದೇ ಬಿ, ಎಂದೆ.
‘ಒಂದೇ ಹೇಗೆ? ರೇಟು ಬೇರೆ.’

ಮೊದಲ ನಾಲ್ಕು ಅಕ್ಷರ ಬ್ಯಾಂಕಿನ ಬಳಿ,
ಕೊನೆಯ ಆರು ಶಾಖೆಯ ಮನೆ,
ಹಿಂದೊಮ್ಮೆ ನಾನೇ ಹೇಳಿಕೊಟ್ಟದ್ದು.
ಬಳಿ ಕೇಳದೆ ಹೆಣ್ಣು ಕೊಡುತ್ತಾರೆಯೇ,
ಕೋಡ್ ಕೇಳದೆ ದುಡ್ಡು?
ಒಪ್ಪಿದ್ದಳು. ಆದರೆ ನಮ್ಮ ಬ್ಯಾಂಕೇ
ಇನ್ನೊಂದು ದೊಡ್ಡ ಬ್ಯಾಂಕಿನೊಳಗೆ ಸೇರಿಹೋದ ವರ್ಷ
ಪಾಸ್‌ಬುಕ್ಕಿನ ನಾಲ್ಕಕ್ಷರ ಹೊಡೆದು ಹೊಸದು ಬರೆದಾಗ
ಮುಖ ಗಂಟಿಕ್ಕಿದಳು:
‘ಮದುವೆಯಾದರೂ ನಮ್ಮಲ್ಲಿ ಹೆಣ್ಣಿನ ಬಳಿ ಬದಲಾಗುವುದಿಲ್ಲ.
ನಿಮ್ಮ ಬ್ಯಾಂಕಿಗೇನು ಬಂತು?’
ಇಪ್ಪತ್ತಾರು ವರ್ಷದ ಸರ್ವಿಸು. ಉತ್ತರ ಇರಲಿಲ್ಲ.
ಬೋರ್ಡಿನ ಹೊಸ ಬಣ್ಣದಡಿ ಹಳೆ ಹೆಸರಿನ ಒಂದು ಕೊಂಬು
ಮಧ್ಯಾಹ್ನದ ಬಿಸಿಲಿಗೆ ಈಗಲೂ ಕಾಣುತ್ತದೆ.

ಐದನೆಯ ಮನೆ.
ಅಲ್ಲಿ ಯಾವಾಗಲೂ ಸೊನ್ನೆ,
ಯಾವ ಬ್ಯಾಂಕಿರಲಿ, ಯಾವ ಊರಿರಲಿ.
ಮುಂದೆಂದಾದರೂ ಬೇಕಾದೀತೆಂದು ಬಿಟ್ಟ ಜಾಗ.
ಬರೆಯುವಾಗೆಲ್ಲ ನನ್ನ ಪೆನ್ನು ಒಂದು ಕ್ಷಣ ನಿಲ್ಲುತ್ತದೆ, ಯಾಕೋ.

ಕಳೆದ ತಿಂಗಳು ಒಬ್ಬ ಫೋನು ಮಾಡಿದ್ದನಂತೆ ಅವಳಿಗೆ,
ಹೆಡ್ಡಾಫೀಸಿನವನು, ಬಹಳ ಮರ್ಯಾದೆಯ ಕನ್ನಡ:
ಅಮ್ಮಾ, ನಿಮ್ಮ ಕೋಡ್ ಬದಲಾಗಿದೆ,
ಮೊಬೈಲಿಗೆ ಬಂದ ಆರಂಕಿ ಹೇಳಿಬಿಡಿ.
‘ಐದನೆಯದು ಯಾವುದು, ಮೊದಲು ನೀನು ಹೇಳು.’
‘ಓ’ ಎಂದನಂತೆ.
‘ಓ ಅಲ್ಲ ಮಗಾ, ಸೊನ್ನೆ.’ ಕಟ್.
ಇಡೀ ಮೀನು ಮಾರ್ಕೆಟಿಗೆ ಗೊತ್ತು ಈ ಕಥೆ.
ಸೊನ್ನೆಗೆ ಓ ಎನ್ನುವವರು ನೂರು ಮಂದಿ,
ನಾನೂ ಎನ್ನುತ್ತೇನೆ, ನಮ್ಮ ಮ್ಯಾನೇಜರೂ.
ಅದನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟೇ:
ಆ ಆರಂಕಿ ಯಾರಿಗೂ ಬೇಡ. ನಾನು ಕೇಳಿದರೂ ಬೇಡ.

ಹನ್ನೊಂದೂ ತುಂಬಿತು. ಎರಡು ಸಲ ಓದಿದೆ,
ಸೂರಪ್ಪ ಎರಡು ಸಲ ಹೂಂ ಎಂದ.
ಸ್ಕ್ರೀನಿನಲ್ಲಿ ಶಾಖೆಯ ಹೆಸರು ಮೂಡಿತು, ರತ್ನಗಿರಿಯೇ.
ಆದರೂ ‘ಮೊದಲು ಒಂದು ರೂಪಾಯಿ’ ಎಂದಳು ಗುಲಾಬಿ.
ಅಳಿವೆಯ ಬಾಯಲ್ಲಿ ಮರಳು ಎಲ್ಲಿ ಕೂತಿದೆಯೋ,
ಬೋಟಿಗಿಂತ ಮುಂಚೆ ಗಳ ಇಳಿಸಿ ನೋಡುವುದಿಲ್ಲವೇ.

ಒಂದು ರೂಪಾಯಿ ಹೊರಟಿತು.
ಇದು ಅರ್ಧ ಗಂಟೆಗೊಂದು ಬಸ್ಸಿನ ಹಾಗೆ, ಕೂತಿರು, ಎಂದೆ.
ಫ್ಯಾನಿನಡಿ ಕೂತಳು. ಅವಳ ಅಜ್ಜಿ
ಬಟ್ಟೆಯಲ್ಲಿ ಗಂಟು ಕಟ್ಟಿ ಮಂಜಿಯಲ್ಲಿ ದುಡ್ಡು ಕಳಿಸುತ್ತಿದ್ದಳಂತೆ,
ಗಂಟಿಗೆ ಅಜ್ಜಿಯದೇ ಒಂದು ಸುತ್ತು, ಬೇರೆಯವರು ಬಿಚ್ಚಿದರೆ ತಿಳಿಯುವಂಥದ್ದು.
ಮುಟ್ಟಿತೋ ಇಲ್ಲವೋ ಎನ್ನಲು ಮಳೆಗಾಲ ಕಳೆಯಬೇಕಿತ್ತು.

ಫೋನು. ಸೂರಪ್ಪ.
‘ಬಂತು, ಒಂದು ರೂಪಾಯಿ. ಮುಕಾದಮರು ನಗುತ್ತಿದ್ದಾರೆ.’
‘ನಗಲಿ’ ಎಂದು ಎದ್ದು ಬಂದಳು.
‘ಉಳಿದದ್ದು ಹಾಕಿ ಈಗ.
ಆ ಒಂದು ರೂಪಾಯಿ ಕಳೆದು.’